ಅಕ್ಟೋಬರ್‌ನಲ್ಲಿ ಹುಟ್ಟಿದ ಹುಡುಗಿ ಯಾವ ತಂಡಕ್ಕೆ?

ಅಮೆರಿಕದಲ್ಲಿ ಹೆಣ್ಣುಮಕ್ಕಳನ್ನು ಸಾಫ್ಟ್‌ಬಾಲ್ (ಬೇಸ್‌ಬಾಲ್‌ನಂಥದೇ ಆಟ) ಕ್ಲಬ್ಬಿಗೆ ಸೇರಿಸಿದವರಿಗೆ ಆಗಸ್ಟ್ ಬಂತೆಂದರೆ ತಲೆಬಿಸಿ ಶುರು. ಅದು ಟ್ರೈಔಟ್, ಅಂದರೆ ತಂಡಕ್ಕೆ ಆಯ್ಕೆ ನಡೆಯುವ ತಿಂಗಳು. ಬೆನ್ನಿಗೆ ನಂಬರಿನ ಚೀಟಿ ಅಂಟಿಸಿಕೊಂಡು ಮಕ್ಕಳು ಸಾಲಾಗಿ ನಿಂತಿರುತ್ತಾರೆ. ಬೇಲಿಯ ಈಚೆ ಅಪ್ಪ ಅಮ್ಮಂದಿರು ಬೆರಳು ಮಡಚಿ ಲೆಕ್ಕ ಹಾಕುತ್ತಿರುತ್ತಾರೆ. ನಮ್ಮವಳು 12ಯು ತಂಡಕ್ಕೆ ಬರ್ತಾಳಾ, 14ಯುಗೆ ಹೋಗ್ತಾಳಾ? ಗೆಳತಿ ಯಾವುದಕ್ಕೆ? ಹೋದ ವರ್ಷ ಇಬ್ಬರೂ ಒಂದೇ ತಂಡದಲ್ಲಿದ್ದರು, ಒಂದೇ ಕ್ಲಾಸು ಬೇರೆ, ಈಗ ಯಾಕೆ ಬೇರೆ ಬೇರೆ?

8ಯು, 10ಯು, 12ಯು, 14ಯು, 16ಯು, 18ಯು ಅಂತ ವಿಭಾಗಗಳಿವೆ. 12ಯು ಅಂದರೆ ಹನ್ನೆರಡು ಅಥವಾ ಅದಕ್ಕಿಂತ ಕಡಿಮೆ ವಯಸ್ಸಿನವರು. ಕೇಳಲು ಸುಲಭ. ಆದರೆ ಯಾವ ದಿನಕ್ಕೆ ಹನ್ನೆರಡು? ಇಡೀ ಗೋಜಲು ಇರುವುದು ಆ ಒಂದು ದಿನದಲ್ಲಿ, ಅದನ್ನು ಕಟ್ ಆಫ್ ಅನ್ನುತ್ತಾರೆ.

ಹಳೆಯ ಕಥೆ ಬೇಗ ಹೇಳಿಬಿಡುತ್ತೇನೆ. 1887ರಲ್ಲಿ ಶಿಕಾಗೋದ ಒಂದು ಕ್ಲಬ್ಬಿನ ಒಳಾಂಗಣದಲ್ಲಿ ಹುಟ್ಟಿದ ಆಟ ಇದು. ದೇಶದ ಮಟ್ಟದಲ್ಲಿ ಇದನ್ನು ನಡೆಸಲು ಅಮೆಚೂರ್ ಸಾಫ್ಟ್‌ಬಾಲ್ ಅಸೋಸಿಯೇಷನ್ 1933ರಲ್ಲಿ ಶುರುವಾಯಿತು, ಈಗ ಅದರ ಹೆಸರು ಯುಎಸ್ಎ ಸಾಫ್ಟ್‌ಬಾಲ್. ಎಷ್ಟೋ ವರ್ಷ ಇದು ದೊಡ್ಡವರು ಕೆಲಸ ಮುಗಿಸಿ ಸಂಜೆ ಆಡುವ ಆಟವೇ ಆಗಿತ್ತು. 1972ರಲ್ಲಿ ಟೈಟಲ್ ನೈನ್ ಕಾನೂನು ಬಂತು, ಸರ್ಕಾರದ ದುಡ್ಡು ಪಡೆಯುವ ಶಾಲೆ ಕಾಲೇಜುಗಳು ಹುಡುಗಿಯರನ್ನು ದೂರ ಇಡುವಂತಿಲ್ಲ ಅಂದಿತು. 1974ರಲ್ಲಿ ಮಕ್ಕಳ ಬೇಸ್‌ಬಾಲ್ ನಡೆಸುವ ಲಿಟಲ್ ಲೀಗ್ ಸಂಸ್ಥೆ ಹುಡುಗಿಯರಿಗಾಗಿ ಸಾಫ್ಟ್‌ಬಾಲ್ ಶುರುಮಾಡಿತು. 1982ರಿಂದ ಕಾಲೇಜು ಕ್ರೀಡೆಗಳನ್ನು ನೋಡಿಕೊಳ್ಳುವ ಎನ್‌ಸಿಎಎ ಮಹಿಳಾ ಕಾಲೇಜು ಸಾಫ್ಟ್‌ಬಾಲ್ ಚಾಂಪಿಯನ್‌ಶಿಪ್ ನಡೆಸುತ್ತಿದೆ. 1996ರಲ್ಲಿ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಆಟ ಸೇರಿತು, ಅಮೆರಿಕದ ಹುಡುಗಿಯರು ಚಿನ್ನ ಗೆದ್ದರು. ಆಮೇಲೆ ಊರೂರು ಸುತ್ತಿ ಆಡುವ ಕ್ಲಬ್ ತಂಡಗಳು, ಅಂದರೆ ಟ್ರಾವೆಲ್ ಬಾಲ್, ಬೆಳೆಯುತ್ತಲೇ ಹೋಯಿತು.

ವಯಸ್ಸಿನ ವಿಭಾಗ ಮಾಡಿದ್ದು ಮಕ್ಕಳ ಒಳ್ಳೆಯದಕ್ಕೇ, ಅದರಲ್ಲಿ ಎರಡು ಮಾತಿಲ್ಲ. ಒಮ್ಮೆ ಚೆಂಡನ್ನು ಕೈಯಲ್ಲಿ ಹಿಡಿದು ನೋಡಿದರೆ ಗೊತ್ತಾಗುತ್ತದೆ. 10ಯು ಮಕ್ಕಳು ಆಡುವುದು 11 ಇಂಚು ಸುತ್ತಳತೆಯ ಚೆಂಡಿನಲ್ಲಿ. 12ಯುನಲ್ಲಿ ಅದು 12 ಇಂಚಾಗುತ್ತದೆ. ಒಂದು ಇಂಚಲ್ವಾ ಅನಿಸಬಹುದು. ಹತ್ತು ವರ್ಷದ ಪುಟ್ಟ ಕೈಯ ಬೆರಳುಗಳು 11 ಇಂಚಿನ ಚೆಂಡಿನ ಹೊಲಿಗೆಯನ್ನು ಸರಿಯಾಗಿ ಹಿಡಿಯುತ್ತವೆ, 12 ಇಂಚಿನದು ಕೊಟ್ಟರೆ ಚೆಂಡು ಅಂಗೈಗೆ ಜಾರಿ ಕೂರುತ್ತದೆ, ಎಸೆದಾಗ ಎಲ್ಲೋ ಹೋಗುತ್ತದೆ. ಪಿಚರ್, ಅಂದರೆ ಬ್ಯಾಟ್ ಹಿಡಿದವಳಿಗೆ ಚೆಂಡು ಎಸೆಯುವವಳು, ನಿಲ್ಲುವ ದೂರವೂ ಹಾಗೇ: 10ಯುನಲ್ಲಿ 35 ಅಡಿ, 12ಯುನಲ್ಲಿ 40, 14ಯುನಿಂದ 43. ಹಾಗಾಗಿ ಯಾವ ವಿಭಾಗಕ್ಕೆ ಬಿದ್ದಳು ಅನ್ನುವುದು ಬರೀ ಹೆಸರಿನ ವಿಷಯ ಅಲ್ಲ. ಅವಳ ಕೈಯಲ್ಲಿರುವ ಚೆಂಡು ಬದಲಾಗುತ್ತದೆ, ಎದುರಿಗೆ ಬರುವ ಚೆಂಡಿನ ವೇಗ ಬದಲಾಗುತ್ತದೆ.

ಬಹಳ ವರ್ಷ ಟ್ರಾವೆಲ್ ಬಾಲ್‌ನಲ್ಲಿ ಕಟ್ ಆಫ್ ಜನವರಿ 1 ಆಗಿತ್ತು. ಆದರೆ ಸೀಸನ್ ಶುರುವಾಗುವುದು ಅದಕ್ಕೂ ಮುಂಚೆ, ಆಗಸ್ಟ್ ಸೆಪ್ಟೆಂಬರಿನಲ್ಲಿ. ಅಂದರೆ ಟ್ರೈಔಟ್ ದಿನ ಮಗುವಿಗೆ ಎಷ್ಟು ವಯಸ್ಸು ಅಂತ ಯಾರೂ ಕೇಳುತ್ತಿರಲಿಲ್ಲ, ಮುಂದೆ ಬರುವ ಜನವರಿ 1ಕ್ಕೆ ಎಷ್ಟಾಗುತ್ತದೆ ಅಂತ ನೋಡುತ್ತಿದ್ದರು. ಶಾಲೆಗಳದ್ದು ಬೇರೆ ಲೆಕ್ಕ. ಹೆಚ್ಚಿನ ರಾಜ್ಯಗಳಲ್ಲಿ ಶಾಲೆಯ ಕಟ್ ಆಫ್ ಸೆಪ್ಟೆಂಬರ್ 1ರ ಆಸುಪಾಸು. ಈ ಎರಡು ತಾರೀಖುಗಳ ನಡುವೆ ಹುಟ್ಟಿದ ಮಕ್ಕಳೇ ಸಿಕ್ಕಿಹಾಕಿಕೊಂಡವರು.

ನನ್ನ ಮಗಳು ಅಂಥವಳು, ಅಕ್ಟೋಬರ್ ಕೊನೆಯಲ್ಲಿ ಹುಟ್ಟಿದವಳು. ಟ್ರೈಔಟ್‌ಗೆ ಹೋದಾಗ ಅವಳಿಗೆ ಹನ್ನೆರಡು ವರ್ಷ, ಏಳನೇ ಕ್ಲಾಸು ಶುರುವಾಗುತ್ತಿತ್ತು. ಜನವರಿಗೆ ಹದಿಮೂರು ಆಗುತ್ತದಲ್ಲ, ಹಾಗಾಗಿ 14ಯು. ಮಾರ್ಚ್‌ನಲ್ಲಿ ಹುಟ್ಟಿದ ಅವಳ ಗೆಳತಿ, ಅದೇ ಕ್ಲಾಸಿನವಳು, ಇನ್ನೊಂದು ವರ್ಷ 12ಯುನಲ್ಲೇ ಉಳಿದಳು. ನಮ್ಮವಳ ಹೊಸ ತಂಡದಲ್ಲಿ ಒಂಬತ್ತನೇ ಕ್ಲಾಸಿನ ಹುಡುಗಿಯರೂ ಇದ್ದರು, ಅಂದರೆ ಹೈಸ್ಕೂಲಿನವರು. ಚಳಿಗಾಲ ಕಳೆದ ಮೇಲೆ ಇನ್ನೊಂದು ತೊಂದರೆ ಕಾಣಿಸಿತು. ವಸಂತದಲ್ಲಿ ಹೈಸ್ಕೂಲ್ ಸೀಸನ್. ಆ ಹುಡುಗಿಯರು ಶಾಲೆಯ ತಂಡಕ್ಕೆ ಹೋದರು, ಕ್ಲಬ್ ತಂಡದಲ್ಲಿ ಆಡಲು ಬೇಕಾದ ಒಂಬತ್ತು ಜನವೇ ಉಳಿಯಲಿಲ್ಲ. ನಮ್ಮವಳದು ಇನ್ನೂ ಹೈಸ್ಕೂಲ್ ತಂಡಕ್ಕೆ ಸೇರುವ ಕ್ಲಾಸಲ್ಲ, ಕ್ಲಬ್ ತಂಡ ನಡೆಯುತ್ತಿಲ್ಲ. ಎರಡು ತಿಂಗಳು ಮನೆಯ ಹಿಂದೆ ನಾನು ಬಕೆಟ್ ಮೇಲೆ ಕೂತು ಕ್ಯಾಚ್ ಹಿಡಿದೆ, ಅವಳು 43 ಅಡಿಯಿಂದ ಎಸೆದಳು. ಗೆಳತಿಯ ತಂಡ ಆ ಹೊತ್ತಿಗೆ ಪ್ರತಿ ವಾರ ಟೂರ್ನಮೆಂಟ್ ಆಡುತ್ತಿತ್ತು.

ಹುಟ್ಟಿದ ತಿಂಗಳು ಆಟದಲ್ಲಿ ಎಷ್ಟು ಲೆಕ್ಕಕ್ಕೆ ಬರುತ್ತದೆ ಅನ್ನುವುದು ಹೊಸ ವಿಷಯವಲ್ಲ. 1985ರಲ್ಲೇ ಕೆನಡಾದ ಸಂಶೋಧಕರು ಐಸ್ ಹಾಕಿ ಆಟಗಾರರ ಹುಟ್ಟಿದ ದಿನ ನೋಡಿ, ಕಟ್ ಆಫ್ ಆದ ಕೂಡಲೇ ಬರುವ ತಿಂಗಳುಗಳಲ್ಲಿ ಹುಟ್ಟಿದವರೇ ಜಾಸ್ತಿ ಇದ್ದಾರೆ ಅಂತ ತೋರಿಸಿದ್ದರು. ಎಲ್ಲಿ ಗೆರೆ ಎಳೆದರೂ ಯಾರೋ ಒಬ್ಬರು ಗುಂಪಿನಲ್ಲಿ ಚಿಕ್ಕವರಾಗುತ್ತಾರೆ. ಅದನ್ನು ತಪ್ಪಿಸಲು ಆಗುವುದಿಲ್ಲ. ಆದರೆ ಗೆರೆಯನ್ನು ಶಾಲೆಯ ಗೆರೆಯ ಪಕ್ಕದಲ್ಲಿ ಎಳೆದರೆ ಮಗು ಕಡೇಪಕ್ಷ ತನ್ನ ಕ್ಲಾಸಿನವರ ಜೊತೆ ಇರುತ್ತಾಳೆ.

ತಮ್ಮ ತಂಡಕ್ಕೆ ಹುಡುಗಿಯರನ್ನು ಆರಿಸುವಾಗ ಕಾಲೇಜು ಕೋಚ್‌ಗಳು ಯಾವತ್ತೂ ನೋಡುವುದು ಹೈಸ್ಕೂಲ್ ಮುಗಿಸುವ ವರ್ಷವನ್ನು, ಹುಟ್ಟಿದ ತಾರೀಖನ್ನಲ್ಲ. ಒಂದು ಕಾಲದಲ್ಲಿ ಎಂಟನೇ ಕ್ಲಾಸಿನ ಹುಡುಗಿಯರೂ ಮುಂದೆ ಇಂಥ ಕಾಲೇಜಿನ ತಂಡಕ್ಕೇ ಸೇರುತ್ತೇವೆ ಅಂತ ಬಾಯಿಮಾತಿನಲ್ಲಿ ಒಪ್ಪಿಕೊಳ್ಳುವಷ್ಟು ಅವಸರ ಇತ್ತು. ಆಗ ಮಗಳನ್ನು ದೊಡ್ಡವರ ಜೊತೆ ಆಡಿಸಿದರೆ ಬೇಗ ಕಣ್ಣಿಗೆ ಬೀಳುತ್ತಾಳೆ ಅಂತ ಮೇಲಿನ ವಿಭಾಗಕ್ಕೆ ತಳ್ಳುವುದು ಜಾಸ್ತಿಯಾಯಿತು. 2018ರಲ್ಲಿ ಎನ್‌ಸಿಎಎ ನಿಯಮ ಬಿಗಿ ಮಾಡಿತು. ಹನ್ನೊಂದನೇ ಕ್ಲಾಸಿನ ಸೆಪ್ಟೆಂಬರ್ 1ಕ್ಕಿಂತ ಮುಂಚೆ ಕೋಚ್‌ಗಳು ಹುಡುಗಿಯರ ಜೊತೆ ಸೇರ್ಪಡೆಯ ಮಾತು ಆಡುವಂತಿಲ್ಲ. ಅವಸರಕ್ಕೆ ಕಾರಣ ಕಡಿಮೆಯಾಯಿತು, ಅಭ್ಯಾಸ ಮಾತ್ರ ಉಳಿದುಕೊಂಡಿತು.

ಹೀಗೆ ಮೇಲಿನ ವಿಭಾಗದಲ್ಲಿ ಆಡುವುದನ್ನೇ ಪ್ಲೇಯಿಂಗ್ ಅಪ್ ಅನ್ನುತ್ತಾರೆ. ಚಿಕ್ಕವಳು ದೊಡ್ಡವರ ವಿಭಾಗದಲ್ಲಿ ಆಡಬಹುದು, ದೊಡ್ಡವಳು ಚಿಕ್ಕವರಲ್ಲಿ ಆಡುವಂತಿಲ್ಲ. ಬಾಗಿಲು ಒಂದೇ ಕಡೆಗೆ ತೆರೆಯುತ್ತದೆ. ತಂಡದ ಮ್ಯಾನೇಜರ್ ಟೂರ್ನಮೆಂಟಿಗೆ ಒಂದು ದಪ್ಪ ಫೈಲ್ ತರುತ್ತಾರೆ. ಅದರ ಪ್ಲಾಸ್ಟಿಕ್ ಹಾಳೆಗಳಲ್ಲಿ ಪ್ರತಿ ಮಗುವಿನ ಜನನ ಪ್ರಮಾಣಪತ್ರದ ಪ್ರತಿ ಇರುತ್ತದೆ. ಯಾರಾದರೂ ತಕರಾರು ಎತ್ತಿದರೆ ತೆಗೆದು ತೋರಿಸಬೇಕು. ಆ ಫೈಲು ನೋಡುವುದು ಮಗು ವಿಭಾಗಕ್ಕಿಂತ ದೊಡ್ಡವಳಾ ಅಂತ. ತೀರಾ ಚಿಕ್ಕವಳಾ ಅಂತ ಕೇಳುವವರು ಮನೆಯವರೇ ಆಗಬೇಕು.

ಯಾರನ್ನು ಮೇಲೆ ಕಳಿಸುತ್ತಾರೆ ಅಂತ ನಾಲ್ಕು ಸೀಸನ್ ಪಕ್ಕದಲ್ಲೇ ನಿಂತು ನೋಡಿದ್ದೇನೆ. ಎಲ್ಲರಿಗಿಂತ ಚೆನ್ನಾಗಿ ಆಡುವವಳನ್ನೇ ಅಂತೇನಿಲ್ಲ. ಹೆಚ್ಚಿನ ಸಲ ಕಳಿಸುವುದು ಪಿಚರನ್ನು, ಇಲ್ಲವೇ ಅವಳು ಎಸೆದ ಚೆಂಡು ಹಿಡಿಯುವ ಕ್ಯಾಚರನ್ನು. ದೊಡ್ಡ ತಂಡಕ್ಕೆ ಒಬ್ಬ ಪಿಚರ್ ಕಮ್ಮಿ ಇದ್ದಾಳೆ, ಕೆಳಗಿನ ತಂಡದಲ್ಲಿ ಒಬ್ಬಳಿದ್ದಾಳೆ, ಅಷ್ಟೇ. ಕೋಚ್‌ಗೂ ತಂಡ ನಡೆಸಬೇಕಲ್ವಾ, ಅವರ ಕಷ್ಟ ಅರ್ಥವಾಗುತ್ತದೆ. ಆದರೆ ಮನೆಯವರಿಗೆ ಹೇಳುವಾಗ ಅದು ಮಗುವಿನ ಬೆಳವಣಿಗೆಯ ಮಾತಾಗಿರುತ್ತದೆ. ಕೆಳಗಿನ ತಂಡದಲ್ಲಿ ಪ್ರತಿ ಪಂದ್ಯ ಎಸೆಯುತ್ತಿದ್ದವಳು ಮೇಲಿನ ತಂಡದಲ್ಲಿ ಡಗೌಟಿನ ಬೆಂಚಿನ ಮೇಲೆ ಅರ್ಧ ದಿನ ಕೂತರೆ ಎಂಥ ಬೆಳವಣಿಗೆ, ನನಗಂತೂ ಅರ್ಥವಾಗಿಲ್ಲ. ಹನ್ನೊಂದು ಹನ್ನೆರಡರ ಮಕ್ಕಳು ಆಡಿ ಆಡಿಯೇ ಕಲಿಯುವುದು.

ಈಚಿನ ವರ್ಷಗಳಲ್ಲಿ ಯುಎಸ್ಎ ಸಾಫ್ಟ್‌ಬಾಲ್ ಸೇರಿದಂತೆ ಟ್ರಾವೆಲ್ ಬಾಲ್ ನಡೆಸುವ ಸಂಸ್ಥೆಗಳು ಕಟ್ ಆಫನ್ನು ಸೆಪ್ಟೆಂಬರ್ 1ಕ್ಕೆ ತಂದವು. ಸೆಪ್ಟೆಂಬರಿನಿಂದ ಡಿಸೆಂಬರ್ ತನಕ ಹುಟ್ಟಿದ ಮಕ್ಕಳ ಲೆಕ್ಕದ ವಯಸ್ಸು ಒಂದು ವರ್ಷ ಇಳಿಯಿತು. ಬದಲಾವಣೆಯ ಆ ಒಂದು ಸಲ, ಎರಡು ವರ್ಷ ಇರಬೇಕಾದ ವಿಭಾಗದಲ್ಲಿ ಅವರಿಗೆ ಮೂರು ವರ್ಷ ಸಿಕ್ಕಿತು. ಇದು ಅನ್ಯಾಯ, ದೊಡ್ಡ ಮಕ್ಕಳು ಕೆಳಗೇ ಉಳಿದರು ಅಂತ ಬೇಸಿಗೆಯಲ್ಲಿ ಹುಟ್ಟಿದ ಮಕ್ಕಳ ಮನೆಯವರು ಸಿಟ್ಟಾದರು. ಅವರ ಮಾತಿನಲ್ಲೂ ನ್ಯಾಯ ಇದೆ. ಜುಲೈನಲ್ಲಿ ಹುಟ್ಟಿದವಳು ಈಗ ಗುಂಪಿನಲ್ಲಿ ತೀರಾ ಚಿಕ್ಕವಳು, ಮುಂಚೆ ನಡುವಿನಲ್ಲಿದ್ದಳು. ಕ್ಲಬ್ಬುಗಳೂ ಕಟ್ಟಿದ ತಂಡಗಳನ್ನು ಬಿಚ್ಚಿ ಮತ್ತೆ ಕಟ್ಟಬೇಕಾಯಿತು.

ನನ್ನ ಮಗಳ ಕ್ಲಬ್ಬಿನ ಟ್ರೈಔಟ್ ಫಾರಂನಲ್ಲಿ ಮೊದಲು ಹುಟ್ಟಿದ ತಾರೀಖು ಬರೆಯುವ ಜಾಗ ಮಾತ್ರ ಇತ್ತು. ಈಗ ಅದರ ಮೇಲೆ ಹೈಸ್ಕೂಲ್ ಮುಗಿಸುವ ವರ್ಷ ಬರೆಯಲು ಇನ್ನೊಂದು ಜಾಗ ಬಂದಿದೆ. ಹೋದ ಆಗಸ್ಟ್‌ನಲ್ಲಿ ಅವಳೂ ಗೆಳತಿಯೂ ಒಂದೇ ಕ್ಲಿಪ್‌ಬೋರ್ಡ್ ಹಂಚಿಕೊಂಡು ಆ ಜಾಗದಲ್ಲಿ ಒಂದೇ ಇಸವಿ ಬರೆದರು.