ಬ್ರೌಸರ್ ಹಾಕಿದ ಲೆಕ್ಕವನ್ನು ಸರ್ವರ್ ಮತ್ತೆ ಯಾಕೆ ಹಾಕಬೇಕು?

ಪ್ರಶ್ನೆ: ಬಳ್ಳಾರಿಯಲ್ಲಿ ನಮ್ಮದು ಜೀನ್ಸ್ ಹೊಲಿಯುವ ಚಿಕ್ಕ ಘಟಕ. ಸಗಟು ಗಿರಾಕಿಗಳಿಗೆಂದು ಆರ್ಡರ್ ಫಾರ್ಮ್ ಇರುವ ವೆಬ್‌ಸೈಟ್ ಮಾಡಿಕೊಂಡಿದ್ದೇವೆ. ಮೊಬೈಲ್ ನಂಬರ್ ಸರಿ ಇದೆಯೇ, ಎಷ್ಟು ಪೀಸ್, ಒಟ್ಟು ಎಷ್ಟಾಯಿತು, ಎಲ್ಲವನ್ನೂ ಜಾವಾಸ್ಕ್ರಿಪ್ಟ್ ನೋಡಿಕೊಳ್ಳುತ್ತದೆ. ಅದನ್ನೇ ಸರ್ವರ್‌ನಲ್ಲಿ, ಅಂದರೆ ಸೈಟನ್ನು ನಡೆಸುವ ನಮ್ಮ ಕಡೆಯ ಕಂಪ್ಯೂಟರಿನಲ್ಲಿ, ಓಡುವ ಪಿಎಚ್‌ಪಿ ಭಾಷೆಯಲ್ಲಿ ಇನ್ನೊಮ್ಮೆ ಬರೆಯಿರಿ ಅಂತಾರೆ. ಒಂದೇ ಕೆಲಸ ಎರಡು ಸಲ ಯಾಕೆ?

ಉತ್ತರ: ಯಾಕೆಂದರೆ ನಿಮ್ಮ ಜಾವಾಸ್ಕ್ರಿಪ್ಟ್ ಓಡುವುದು ಗಿರಾಕಿಯ ಯಂತ್ರದಲ್ಲಿ. ಅಲ್ಲಿ ಏನಾಗುತ್ತದೋ ಅದರ ಮೇಲೆ ನಿಮಗೆ ಹಿಡಿತವಿಲ್ಲ.

ನಿಮ್ಮದೇ ಸೈಟಿನಲ್ಲಿ ಒಂದು ಪ್ರಯೋಗ ಮಾಡಿ. ಕಂಪ್ಯೂಟರಿನಲ್ಲಿ ಕ್ರೋಮ್ ತೆರೆದು 450 ರೂಪಾಯಿಯ 40 ಪೀಸ್ ಆಯ್ದುಕೊಳ್ಳಿ. ಒಟ್ಟು 18,000 ಎಂದು ಬರುತ್ತದೆ. ಈಗ ಎಫ್12 ಒತ್ತಿ, ಎಲಿಮೆಂಟ್ಸ್ ಟ್ಯಾಬಿನಲ್ಲಿ ಒಟ್ಟು ಮೊತ್ತವನ್ನು ಹೊತ್ತೊಯ್ಯುವ ಹಿಡನ್ ಇನ್‌ಪುಟ್ (ಪರದೆಯಲ್ಲಿ ಕಾಣದ ಖಾನೆ) ಹುಡುಕಿ. ಅದರ ವ್ಯಾಲ್ಯೂ ಮೇಲೆ ಎರಡು ಸಲ ಕ್ಲಿಕ್ಕಿಸಿ 18000 ಅಳಿಸಿ, 180 ಎಂದು ಬರೆದು ಎಂಟರ್ ಒತ್ತಿ. ಸಬ್ಮಿಟ್ ಮಾಡಿ. ಬಂದ ಮೊತ್ತವನ್ನೇ ಡೇಟಾಬೇಸಿಗೆ ಬರೆಯುವ ಪಿಎಚ್‌ಪಿ ಆಗಿದ್ದರೆ 40 ಪ್ಯಾಂಟು 180 ರೂಪಾಯಿಗೆ ಹೋದವು.

ಸಬ್ಮಿಟ್ ಆಗುವ ಹೊತ್ತಿಗೆ ಜಾವಾಸ್ಕ್ರಿಪ್ಟ್ ಮತ್ತೆ ಲೆಕ್ಕ ಹಾಕಿ 18000 ಮಾಡಿಬಿಟ್ಟರೆ? ಆಗಲೂ ಬಚಾವಾಗಲಿಲ್ಲ. ನೆಟ್‌ವರ್ಕ್ ಟ್ಯಾಬಿನಲ್ಲಿ ಆ ರಿಕ್ವೆಸ್ಟ್ ಮೇಲೆ ರೈಟ್ ಕ್ಲಿಕ್ ಮಾಡಿ ಅದನ್ನು ಕರ್ಲ್ ಕಮಾಂಡ್ (ಬ್ರೌಸರ್ ಇಲ್ಲದೆ ರಿಕ್ವೆಸ್ಟ್ ಕಳಿಸುವ ಆದೇಶ) ಆಗಿ ಕಾಪಿ ಮಾಡಿಕೊಳ್ಳಬಹುದು. ಅಂಕಿ ತಿದ್ದಿ, ಆದೇಶ ಟೈಪ್ ಮಾಡುವ ಟರ್ಮಿನಲ್ ಕಿಟಕಿಯಿಂದ ಕಳಿಸಿದರೆ ಬ್ರೌಸರೂ ಬೇಡ, ನಿಮ್ಮ ಜಾವಾಸ್ಕ್ರಿಪ್ಟೂ ಬೇಡ. ಸರ್ವರ್‌ಗೆ ಕಾಣುವುದು ಬಂದ ಅಕ್ಷರಗಳು ಮಾತ್ರ. ಅವು ಫಾರ್ಮಿನಿಂದ ಬಂದವೋ ಇನ್ನೆಲ್ಲಿಂದಲೋ ಅದಕ್ಕೆ ಗೊತ್ತಾಗುವುದಿಲ್ಲ.

ಸಗಟು ಅಂಗಡಿಗೆ ಬಂದ ಗಿರಾಕಿ ಯಾವ ಸೈಜು, ಎಷ್ಟು ಪೀಸು ಎಂದು ಚೀಟಿ ಬರೆದುಕೊಡುತ್ತಾನೆ. ರೇಟನ್ನೂ ಅವನೇ ಬರೆದುಕೊಟ್ಟರೆ ಗಲ್ಲಾದ ಮೇಲೆ ಕೂತವರು ಒಪ್ಪುತ್ತಾರೆಯೇ? ಫಾರ್ಮೂ ಅಂಥದೇ ಚೀಟಿ. ಮಾದರಿಯ ಕೋಡ್ ಮತ್ತು ಪೀಸಿನ ಸಂಖ್ಯೆ ಅದರಲ್ಲಿ ಬರಲಿ. ರೇಟನ್ನು ಡೇಟಾಬೇಸಿನಿಂದ ಪಿಎಚ್‌ಪಿ ತೆಗೆದುಕೊಳ್ಳಲಿ, ಗುಣಾಕಾರವೂ ಅಲ್ಲೇ ಆಗಲಿ.

ಪೀಸಿನ ಸಂಖ್ಯೆಯನ್ನೂ ಸುಮ್ಮನೆ ನಂಬುವಂತಿಲ್ಲ. 450ರ 40 ಪೀಸ್ ಜೊತೆ, 500ರ ಇನ್ನೊಂದು ಮಾದರಿಗೆ −30 ಎಂದು ಕಳಿಸಿದರೆ 18,000ದಲ್ಲಿ 15,000 ಕಳೆದು ಬಿಲ್ಲು 3,000ಕ್ಕೆ ಇಳಿಯುತ್ತದೆ. ಇನ್‌ಪುಟ್‌ಗೆ ಮಿನ್ 1 (ಕನಿಷ್ಠ 1) ಎಂದು ಹಾಕಿದ್ದೀರಿ, ನಿಜ. ಅದನ್ನೂ ಎಲಿಮೆಂಟ್ಸ್ ಟ್ಯಾಬಿನಲ್ಲೇ ಅಳಿಸಬಹುದು. ಪೂರ್ಣಾಂಕವೇ, 1ಕ್ಕಿಂತ ಕಡಿಮೆ ಇಲ್ಲವೇ, ನೀವು ಒಂದು ಸಲಕ್ಕೆ ಕೊಡಬಲ್ಲ ಮಿತಿಯೊಳಗಿದೆಯೇ, ಈ ಮೂರನ್ನೂ ಸರ್ವರ್ ಸಾಲು ಸಾಲಿಗೂ ನೋಡಬೇಕು.

ಎಲ್ಲರೂ ಮೋಸಗಾರರೇನಲ್ಲ. ನಿನ್ನೆ ಸಂಜೆ ತೆರೆದಿಟ್ಟ ಟ್ಯಾಬಿನಿಂದ ಇವತ್ತು ಆರ್ಡರ್ ಹಾಕುವ ಪ್ರಾಮಾಣಿಕ ಗಿರಾಕಿಯೂ ಹಳೆ ರೇಟನ್ನೇ ನೋಡುತ್ತಿರುತ್ತಾನೆ. ಅವನಿಗೆ ಸದ್ದಿಲ್ಲದೆ ಹೊಸ ರೇಟಿನ ಬಿಲ್ಲು ಹಾಕಿದರೆ ಜಗಳ ಗ್ಯಾರಂಟಿ. ಪರದೆಯಲ್ಲಿ ತೋರಿಸಿದ ಮೊತ್ತವನ್ನು ಹೋಲಿಕೆಗೆಂದಷ್ಟೇ ಕಳಿಸಿಕೊಳ್ಳಿ. ಸರ್ವರ್ ಹಾಕಿದ ಲೆಕ್ಕಕ್ಕೆ ಅದು ತಾಳೆಯಾಗದಿದ್ದರೆ ಹೊಸ ಮೊತ್ತ ತೋರಿಸಿ ಮತ್ತೊಮ್ಮೆ ಒಪ್ಪಿಗೆ ಕೇಳಿ. ಫಾರ್ಮಿನಲ್ಲಿ ವಿಳಾಸಕ್ಕೆಂದು ಇಟ್ಟ ತಾಲ್ಲೂಕು, ಜಿಲ್ಲೆಗಳ ಪಟ್ಟಿಯ ಕಥೆಯೂ ಇದೇ. 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಹೊಸಪೇಟೆ ಬಳ್ಳಾರಿ ಜಿಲ್ಲೆಯಿಂದ ಹೊರಬಂತು. ಇಂಥ ಬದಲಾವಣೆ ಆದಾಗ ನೀವು ಪಟ್ಟಿ ತಿದ್ದಿದರೂ, ಗಿರಾಕಿಯ ಬ್ರೌಸರ್ ಹಿಂದೊಮ್ಮೆ ಇಳಿಸಿಕೊಂಡು ಕ್ಯಾಶ್‌ನಲ್ಲಿ ಉಳಿಸಿಟ್ಟ ಹಳೆ ಜಾವಾಸ್ಕ್ರಿಪ್ಟ್ ಫೈಲು ಹಳೆ ಜಿಲ್ಲೆಯನ್ನೇ ತೋರಿಸುತ್ತಿರಬಹುದು. ತಾಲ್ಲೂಕಿಗೂ ಜಿಲ್ಲೆಗೂ ಹೊಂದುತ್ತದೆಯೇ ಎಂದು ಸರ್ವರ್ ನೋಡಲಿ.

‘ಜಾವಾಸ್ಕ್ರಿಪ್ಟ್ ಎಂದರೆ ಕ್ಲೈಂಟ್ (ಗಿರಾಕಿಯ ಕಡೆಯ ಯಂತ್ರ), ಪಿಎಚ್‌ಪಿ ಎಂದರೆ ಸರ್ವರ್’ ಎಂದು ಪರೀಕ್ಷೆಗೆ ಉರು ಹೊಡೆಯುತ್ತಾರೆ. ಎರಡೂ ಹೊರಬಂದದ್ದು 1995ರಲ್ಲಿ, ಆ ಕಾಲಕ್ಕೆ ಅದು ಹೆಚ್ಚುಕಡಿಮೆ ಸರಿ. 2009ರಲ್ಲಿ, ಜಾವಾಸ್ಕ್ರಿಪ್ಟನ್ನು ಬ್ರೌಸರಿನ ಹೊರಗೂ ಓಡಿಸುವ ನೋಡ್ ಜೆಎಸ್ ಬಂದ ಮೇಲೆ ಜಾವಾಸ್ಕ್ರಿಪ್ಟ್ ಸರ್ವರ್‌ನಲ್ಲೂ ಧಾರಾಳವಾಗಿ ಓಡುತ್ತದೆ. ಭಾಷೆ ಯಾವುದು ಅನ್ನುವುದಕ್ಕಿಂತ ಯಾರ ಯಂತ್ರದಲ್ಲಿ ಓಡುತ್ತಿದೆ ಅನ್ನುವುದೇ ಮುಖ್ಯ. ಪುಟದ ಮೇಲೆ ರೈಟ್ ಕ್ಲಿಕ್ ಮಾಡಿ ವ್ಯೂ ಪೇಜ್ ಸೋರ್ಸ್ ನೋಡಿ: ಎಚ್‌ಟಿಎಂಎಲ್ ಕಾಣುತ್ತದೆ, ಜಾವಾಸ್ಕ್ರಿಪ್ಟ್ ಫೈಲುಗಳೂ ತೆರೆಯುತ್ತವೆ, ಪಿಎಚ್‌ಪಿಯ ಒಂದು ಸಾಲೂ ಕಾಣದು, ಅದು ಉಗುಳಿದ ಫಲಿತಾಂಶ ಮಾತ್ರ ಇರುತ್ತದೆ. ಪಾವತಿ ಗೇಟ್‌ವೇಯ ಗುಪ್ತ ಕೀಲಿಯನ್ನು ಜಾವಾಸ್ಕ್ರಿಪ್ಟಿನಲ್ಲಿ ಇಟ್ಟವರು ಇವತ್ತೇ ಅದನ್ನು ಬದಲಿಸಿ, ಹೊಸದನ್ನು ಸರ್ವರ್‌ನಲ್ಲಿಡಿ. ನಿಮ್ಮ ಸರ್ವರ್ ನೋಡ್ ಜೆಎಸ್ ಆಗಿದ್ದಿದ್ದರೆ ತಪಾಸಣೆಯ ಒಂದೇ ಫೈಲನ್ನು ಎರಡೂ ಕಡೆ ಬಳಸಬಹುದಿತ್ತು. ಪಿಎಚ್‌ಪಿ ಆದ್ದರಿಂದ ಎರಡು ಸಲ ಬರೆಯಲೇಬೇಕು.

ಹಾಗೆ ಎರಡು ಸಲ ಬರೆಯುವಾಗ ಕನ್ನಡ ಪಠ್ಯದಲ್ಲಿ ಒಂದು ಎಡವಟ್ಟು ಕಾದಿರುತ್ತದೆ. ‘ಬಳ್ಳಾರಿ’ ಎಂಬ ಪದದಲ್ಲಿ ನಮ್ಮ ಕಣ್ಣಿಗೆ ಮೂರು ಅಕ್ಷರ. ಜಾವಾಸ್ಕ್ರಿಪ್ಟಿನ ಲೆಂಗ್ತ್ ಕೇಳಿದರೆ 7 ಅನ್ನುತ್ತದೆ: ಬ, ಳ, ಹಲಂತ ಚಿಹ್ನೆ, ಇನ್ನೊಂದು ಳ, ದೀರ್ಘ, ರ, ಗುಡಿಸು. ಪಿಎಚ್‌ಪಿಯ ಎಸ್‌ಟಿಆರ್‌ಲೆನ್ ಕೇಳಿದರೆ 21! ಅದು ಬೈಟ್ ಎಣಿಸುತ್ತದೆ. ಅಕ್ಷರಗಳನ್ನು ಬೈಟುಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್. ಫಾರ್ಮಿನಲ್ಲಿ ಹೆಸರಿಗೆ 50ರ ಮಿತಿ ಇಟ್ಟು, ಪಿಎಚ್‌ಪಿಯಲ್ಲೂ ಎಸ್‌ಟಿಆರ್‌ಲೆನ್‌ಗೆ 50ರ ಮಿತಿ ಇಟ್ಟರೆ 17ನೇ ಸಂಕೇತಕ್ಕೇ 51 ಬೈಟ್ ಆಗಿ, ಬ್ರೌಸರ್ ಒಪ್ಪಿದ ಹೆಸರನ್ನು ಸರ್ವರ್ ಉದ್ದವಾಯಿತೆಂದು ತಳ್ಳುತ್ತದೆ. ಇಂಗ್ಲಿಷಿನಲ್ಲಿ ಪರೀಕ್ಷಿಸಿದವರಿಗೆ ಇದು ಕಾಣುವುದೇ ಇಲ್ಲ. ಬೈಟಿನ ಬದಲು ಸಂಕೇತಗಳನ್ನು ಎಣಿಸುವ ಎಂಬಿ-ಎಸ್‌ಟಿಆರ್‌ಲೆನ್ ಬಳಸಿದರೆ ಎರಡೂ ಕಡೆ 7 ಬರುತ್ತದೆ. ಡೇಟಾಬೇಸ್ ಮೈಎಸ್‌ಕ್ಯೂಎಲ್ ಆಗಿದ್ದರೆ ಟೇಬಲ್ಲಿನ ಅಕ್ಷರ ಪದ್ಧತಿ ಯುಟಿಎಫ್8ಎಂಬಿ4 (ಅದರ ಪೂರ್ಣ ಯುಟಿಎಫ್-8) ಆಗಿರಲಿ.

ಪಿನ್ ಕೋಡನ್ನು ಕೆಲವರು ಕನ್ನಡ ಅಂಕಿಯಲ್ಲೇ ೫೮೩೧೦೧ ಎಂದು ಒತ್ತುತ್ತಾರೆ. ಜಾವಾಸ್ಕ್ರಿಪ್ಟ್ ಅದನ್ನು ಸಂಖ್ಯೆ ಎಂದು ಓದುವುದಿಲ್ಲ. ಪೈಥಾನ್ ಸರ್ವರ್ ಆದರೆ ಅದೇ ಅಂಕಿಗಳನ್ನು ಸರಾಗವಾಗಿ ಓದಿಕೊಳ್ಳುತ್ತದೆ. ಎರಡೂ ಕಡೆ ಮೊದಲು ಕನ್ನಡ ಅಂಕಿಯನ್ನು 0–9ಕ್ಕೆ ಬದಲಿಸಿ, ಆಮೇಲೆ ಆರು ಅಂಕಿ ಇವೆಯೇ, ಮೊದಲನೆಯದು ಸೊನ್ನೆಯಲ್ಲವೇ ಎಂದು ನೋಡಿ. ಮೊಬೈಲ್ ನಂಬರಿಗೂ ಇದೇ ಕ್ರಮ: ಹತ್ತು ಅಂಕಿ, ಮೊದಲನೆಯದು 6ರಿಂದ 9ರೊಳಗೆ.

ಬ್ರೌಸರಿಗೆ ಗೊತ್ತಾಗಲು ಸಾಧ್ಯವೇ ಇಲ್ಲದ ಸಂಗತಿಗಳೂ ಇವೆ. ಉಳಿದ 10 ಪೀಸಿಗೆ ರಾಯಚೂರಿನವರೂ ಕೊಪ್ಪಳದವರೂ ಒಂದೇ ಗಳಿಗೆಯಲ್ಲಿ ಆರ್ಡರ್ ಹಾಕಿದರೆ ಇಬ್ಬರ ಪರದೆಯಲ್ಲೂ 10 ಇದೆ ಎಂದೇ ಇರುತ್ತದೆ. ‘ದಾಸ್ತಾನು 10 ಅಥವಾ ಹೆಚ್ಚಿದ್ದರೆ ಮಾತ್ರ 10 ಕಳೆ’ ಎಂದು ಷರತ್ತು ಸೇರಿಸಿ ಡೇಟಾಬೇಸಿಗೆ ಒಂದೇ ಅಪ್‌ಡೇಟ್ ಆದೇಶ ಕೊಡಿ; ಬದಲಾದ ಸಾಲು ಸೊನ್ನೆ ಎಂದು ಬಂದರೆ ಮಾಲು ಮುಗಿದಿದೆ. ಇನ್ನು ಸಿಗ್ನಲ್ ಕೈಕೊಟ್ಟಾಗ ಗಿರಾಕಿ ಎರಡು ಸಲ ಬಟನ್ ಒತ್ತುವುದು. ಪುಟ ಕಳಿಸುವಾಗಲೇ ಸರ್ವರ್ ಒಂದು ಟೋಕನ್ (ಆ ಫಾರ್ಮಿಗಷ್ಟೇ ಸೇರಿದ ಗುರುತು) ಕೊಟ್ಟು, ಆರ್ಡರ್ ಟೇಬಲ್ಲಿನಲ್ಲಿ ಟೋಕನ್ನಿನ ಕಾಲಮ್ಮನ್ನು ಯೂನಿಕ್ (ಒಂದು ಟೋಕನ್ ಒಂದೇ ಸಲ) ಮಾಡಿದರೆ ಎರಡನೆಯದು ತಾನಾಗಿ ನಿಲ್ಲುತ್ತದೆ.

ಇಷ್ಟಾಯಿತೆಂದು ಜಾವಾಸ್ಕ್ರಿಪ್ಟ್ ತಪಾಸಣೆಯನ್ನು ಕಿತ್ತುಹಾಕಬೇಡಿ. ಒಂಬತ್ತೇ ಅಂಕಿ ಬಿದ್ದಿದೆ ಎಂದು ತಕ್ಷಣ ಹೇಳಲು ಅದೇ ಬೇಕು. ಸರ್ವರ್ ತಪ್ಪು ತೋರಿಸುವಾಗ ಗಿರಾಕಿ ತುಂಬಿದ್ದನ್ನೆಲ್ಲ ಹಾಗೇ ಮರಳಿ ಕೊಡಬೇಕು, ಖಾಲಿ ಫಾರ್ಮ್ ಕೊಟ್ಟರೆ ಆ ಆರ್ಡರ್ ಮತ್ತೆ ಬರುವುದಿಲ್ಲ. ಮರಳಿ ಬರೆಯುವಾಗ, ಅದರಲ್ಲಿ ಯಾರಾದರೂ ತುರುಕಿದ ಕೋಡ್ ಪುಟದಲ್ಲಿ ಓಡದಂತೆ ಎಚ್‌ಟಿಎಂಎಲ್‌ಸ್ಪೆಷಲ್‌ಚಾರ್ಸ್ ದಾಟಿಸಿಯೇ ಬರೆಯಿರಿ, ಡೇಟಾಬೇಸಿಗೆ ಪ್ರಿಪೇರ್ಡ್ ಸ್ಟೇಟ್‌ಮೆಂಟ್‌ನಿಂದಲೇ (ಗಿರಾಕಿ ಬರೆದದ್ದನ್ನು ಆದೇಶದೊಂದಿಗೆ ಬೆರೆಸದ ವಿಧಾನ) ಹಾಕಿ.

ಬರೆದಾದ ಮೇಲೆ ಪರೀಕ್ಷೆ. ಡೆವಲಪರ್ ಟೂಲ್ಸ್ ತೆರೆದು ಕಂಟ್ರೋಲ್, ಶಿಫ್ಟ್, ಪಿ ಒಟ್ಟಿಗೆ ಒತ್ತಿ, ಡಿಸೇಬಲ್ ಜಾವಾಸ್ಕ್ರಿಪ್ಟ್ ಆರಿಸಿ ಪುಟ ರಿಫ್ರೆಶ್ ಮಾಡಿ. ರಿಕ್ವೈರ್ಡ್, ಮಿನ್ ಮೊದಲಾದವು ಜಾವಾಸ್ಕ್ರಿಪ್ಟ್ ಇಲ್ಲದೆಯೂ ಕೆಲಸ ಮಾಡುತ್ತವೆ, ಆದ್ದರಿಂದ ಎಲಿಮೆಂಟ್ಸ್ ಟ್ಯಾಬಿನಲ್ಲಿ ಫಾರ್ಮ್ ಟ್ಯಾಗಿಗೆ ನೊವ್ಯಾಲಿಡೇಟ್ (ಬ್ರೌಸರ್ ತಪಾಸಣೆ ಬೇಡ) ಎಂದು ಸೇರಿಸಿ. ಮೊಬೈಲ್ ಖಾಲಿ ಬಿಟ್ಟು, ಪೀಸ್ −30 ಎಂದು ಹಾಕಿ ಕಳಿಸಿ. ಯಾವ ಜಾಗದಲ್ಲಿ ಏನು ತಪ್ಪೆಂದು ಹೇಳುವ ಪುಟ 422 ಕೋಡಿನೊಂದಿಗೆ (ಕಳಿಸಿದ ಮಾಹಿತಿ ಸರಿಯಿಲ್ಲ ಎಂಬ ಸರ್ವರ್ ಉತ್ತರ) ಬಂದರೆ ಸರಿ. 500 (ಸರ್ವರ್‌ನಲ್ಲೇ ದೋಷ) ಬಂದರೆ ತಪಾಸಣೆ ಅರ್ಧಕ್ಕೆ ನಿಂತಿದೆ. ಆರ್ಡರ್ ನಂಬರ್ ಬಂದರೆ, ಸರಿಪಡಿಸುವವರೆಗೆ ಫಾರ್ಮನ್ನು ಮುಚ್ಚಿಡಿ.