ಪೈಲಟ್ ಸಂದರ್ಶನಕ್ಕೆ ಪ್ರಶ್ನೆಪಟ್ಟಿ ಬಾಯಿಪಾಠ ಮಾಡಿದರೆ ಸಾಕಾ?

ಪ್ರಶ್ನೆ: ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಆಗಿದೆ. ಒಂದು ಪ್ರಾದೇಶಿಕ ವಿಮಾನ ಸಂಸ್ಥೆಯಿಂದ ಫಸ್ಟ್ ಆಫೀಸರ್ (ಸಹ-ಪೈಲಟ್) ಹುದ್ದೆಯ ಸಂದರ್ಶನಕ್ಕೆ ಕರೆ ಬಂದಿದೆ. ಹಿಂದೆ ಕೇಳಿದ ಪ್ರಶ್ನೆಗಳ ಪಟ್ಟಿಯೂ ಸಿಕ್ಕಿದೆ. ಅದನ್ನೇ ಚೆನ್ನಾಗಿ ಬಾಯಿಪಾಠ ಮಾಡಿದರೆ ಸಾಕಾ?

ಉತ್ತರ: ಸಾಕಾಗುವುದಿಲ್ಲ. ಪಟ್ಟಿ ಓದುವುದರಲ್ಲಿ ತಪ್ಪೇನಿಲ್ಲ, ಓದಿ. ಆದರೆ ಎದುರು ಕೂತವರಲ್ಲಿ ಸಾಮಾನ್ಯವಾಗಿ ಒಬ್ಬರಾದರೂ ಕ್ಯಾಪ್ಟನ್ ಇರುತ್ತಾರೆ. ರಾತ್ರಿ ಹೊತ್ತು, ಮಳೆಯಲ್ಲಿ, ದಿನದ ಕೊನೆಯ ಲ್ಯಾಂಡಿಂಗ್‌ಗೆ ಇಳಿಯುವಾಗ ಈ ವ್ಯಕ್ತಿ ಪಕ್ಕದ ಸೀಟಿನಲ್ಲಿದ್ದರೆ ನನಗೆ ನೆರವಾಗುತ್ತಾರಾ? ಅವರು ತೂಗಿ ನೋಡುವುದು ಇದನ್ನೇ.

ವಿ1 (ಟೇಕಾಫ್ ನಿಲ್ಲಿಸುವ ತೀರ್ಮಾನಕ್ಕೆ ಕೊನೆಯ ವೇಗ) ಅಂದರೇನು ಎಂದು ಕೇಳಿದರೆ ಎಲ್ಲರೂ ಹೇಳುತ್ತಾರೆ. ರನ್‌ವೇ ಒದ್ದೆಯಾದರೆ ಅದು ಏನಾಗುತ್ತದೆ ಎಂದು ಕೇಳಿದಾಗ ಎಡವುತ್ತಾರೆ. ಸಾಮಾನ್ಯವಾಗಿ ವಿ1 ಕಡಿಮೆಯಾಗುತ್ತದೆ. ಒದ್ದೆ ನೆಲದಲ್ಲಿ ಬ್ರೇಕ್ ಹಿಡಿದು ನಿಲ್ಲಲು ಜಾಸ್ತಿ ಜಾಗ ಬೇಕು, ಹಾಗಾಗಿ ನಿಲ್ಲುವ ತೀರ್ಮಾನ ಇನ್ನೂ ಬೇಗ ಆಗಬೇಕು. ಈ 'ಯಾಕೆ' ಗೊತ್ತಿದ್ದರೆ ಪಟ್ಟಿಯಲ್ಲಿ ಇಲ್ಲದ ಪ್ರಶ್ನೆಗೂ ಉತ್ತರ ಹೊಳೆಯುತ್ತದೆ.

ಮೆಟಾರ್, ಅಂದರೆ ವಿಮಾನ ನಿಲ್ದಾಣದ ಹವಾಮಾನ ವರದಿಯ ವಿಷಯವೂ ಹೀಗೇ. 'ಬಿಕೆಎನ್008' ಕಂಡರೆ 800 ಅಡಿಯಲ್ಲಿ ಬ್ರೋಕನ್ ಎಂದು ಓದಿ ನಿಲ್ಲಿಸಬೇಡಿ. ಆಕಾಶದ ಎಂಟು ಪಾಲಿನಲ್ಲಿ ಐದರಿಂದ ಏಳು ಪಾಲು ಮೋಡವಿದೆ, ಅದಕ್ಕಿಂತ ಕೆಳಗೆ ಬೇರೆ ಬ್ರೋಕನ್ ಪದರ ಇಲ್ಲದಿದ್ದರೆ ಅದೇ ಸೀಲಿಂಗ್, ಅಂದರೆ ಲೆಕ್ಕಕ್ಕೆ ಹಿಡಿಯುವ ಮೋಡದ ತಳದ ಎತ್ತರ. ಕ್ಯಾಟಗರಿ 1 ಐಎಲ್‌ಎಸ್‌ನಲ್ಲಿ (ರೇಡಿಯೊ ಸಂಕೇತ ಹಿಡಿದು ರನ್‌ವೇಗೆ ಇಳಿಯುವ ವ್ಯವಸ್ಥೆ) ಸಾಮಾನ್ಯವಾಗಿ ರನ್‌ವೇ ಕಾಣದಿದ್ದರೂ 200 ಅಡಿವರೆಗೆ ಇಳಿಯಬಹುದು, ಅದಕ್ಕೆ ತೊಂದರೆ ಇಲ್ಲ. ಆದರೆ ಸರ್ಕ್ಲಿಂಗ್ (ರನ್‌ವೇ ನೋಡುತ್ತಾ ಸುತ್ತಿ ಬಂದು ಇಳಿಯುವುದು) ಮಾಡಬೇಕಾಗಿ ಬಂದರೆ ಈ 800 ಅಡಿ ಸಾಲದೇ ಹೋಗಬಹುದು, ಆಗ ಬದಲಿ ನಿಲ್ದಾಣಕ್ಕೆ ಇಂಧನ ಎಷ್ಟಿದೆ ನೋಡಬೇಕು. ಹೀಗೆ ಯೋಚಿಸುವುದನ್ನು ಬಾಯಿಬಿಟ್ಟು ಹೇಳಿ ತೋರಿಸಿ. ಅಪ್ರೋಚ್ ಚಾರ್ಟ್ (ಇಳಿಯುವ ದಾರಿಯ ನಕ್ಷೆ) ಕೊಟ್ಟು ಬ್ರೀಫಿಂಗ್ ಮಾಡಿ ಅಂದರೆ, ಮಿಸ್ಡ್ ಅಪ್ರೋಚ್ (ಇಳಿಯದೆ ಮತ್ತೆ ಮೇಲೇರುವುದು) ಭಾಗವನ್ನು ಕೊನೆಗೆ ಗೊಣಗಿ ಮುಗಿಸಬೇಡಿ. ಕೆಳಗೆ ರನ್‌ವೇ ಕಾಣದಿದ್ದಾಗ ಬೇಕಾಗುವುದು ಅದೇ ಅಲ್ವಾ?

ಸಂಸ್ಥೆ ಯಾವ ವಿಮಾನ ಹಾರಿಸುತ್ತದೆ ಎಂದು ಮೊದಲೇ ತಿಳಿದುಕೊಳ್ಳಿ. ಎಟಿಆರ್ 72 ಅಥವಾ ಡ್ಯಾಶ್ 8 ಆದರೆ ಐಸಿಂಗ್ (ವಿಮಾನದ ಮೇಲೆ ಮಂಜುಗಡ್ಡೆ ಕಟ್ಟುವುದು) ಬಗ್ಗೆ ಮತ್ತು ಪ್ರೊಪೆಲ್ಲರ್ ಫೆದರ್ ಆಗುವುದರ (ಗಾಳಿಗೆ ಅಡ್ಡ ಬರದಂತೆ ಅಲಗು ತಿರುಗುವುದು) ಬಗ್ಗೆ ಓದಿರಬೇಕು.

ಇನ್ನು ನಡವಳಿಕೆಯ ಪ್ರಶ್ನೆಗಳು. ನನ್ನ ಮಟ್ಟಿಗೆ ಸಂದರ್ಶನದ ಹೃದಯ ಇದೇ. 'ಕ್ಯಾಪ್ಟನ್ ಮಿನಿಮಾ (ರನ್‌ವೇ ಕಾಣದೆ ಇಳಿಯಬಹುದಾದ ಕನಿಷ್ಠ ಎತ್ತರ) ದಾಟಿ ಕೆಳಗಿಳಿಯುತ್ತಿದ್ದಾರೆ, ರನ್‌ವೇ ಕಾಣುತ್ತಿಲ್ಲ. ಏನು ಮಾಡುತ್ತೀರಿ?' ಎಂಬುದು ತೀರಾ ಮಾಮೂಲಿ ಪ್ರಶ್ನೆ. 'ವಿನಯದಿಂದ ನೆನಪಿಸುತ್ತೇನೆ' ಎಂಬ ಉತ್ತರ ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಡಿಸೆಂಬರ್ 1978ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ಬಳಿ ಯುನೈಟೆಡ್ ಏರ್‌ಲೈನ್ಸ್‌ನ ಡಿಸಿ-8 ವಿಮಾನ ಲ್ಯಾಂಡಿಂಗ್ ಗೇರ್‌ನ ತೊಂದರೆ ನೋಡುತ್ತಾ ಸುಮಾರು ಒಂದು ಗಂಟೆ ಸುತ್ತಿತು. ಇಂಧನ ಖಾಲಿಯಾಗಿ ನೆಲಕ್ಕೆ ಬಿತ್ತು. 10 ಜನ ಸತ್ತರು. ಇಂಧನ ಇಳಿಯುತ್ತಿರುವುದು ಕಾಕ್‌ಪಿಟ್‌ನಲ್ಲಿ ಮಾತಿಗೆ ಬಂದಿತ್ತು, ಆದರೆ ಕ್ಯಾಪ್ಟನ್‌ಗೆ ತಟ್ಟುವಷ್ಟು ಗಟ್ಟಿಯಾಗಿ ಯಾರೂ ಹೇಳಲಿಲ್ಲ. ಸಿಆರ್‌ಎಂ (ಕಾಕ್‌ಪಿಟ್‌ನಲ್ಲಿ ಎಲ್ಲರೂ ಮಾತಾಡಿಕೊಂಡು ಕೂಡಿ ಕೆಲಸ ಮಾಡುವ) ತರಬೇತಿ ಬೆಳೆದು ಬಂದದ್ದರ ಹಿಂದೆ ಈ ಅಪಘಾತವಿದೆ. ಆದ್ದರಿಂದ ನಿಮ್ಮ ಉತ್ತರದಲ್ಲಿ ಮೆಟ್ಟಿಲುಗಳು ಕಾಣಬೇಕು. ಕರೆದು ಹೇಳುತ್ತೇನೆ. ಸ್ಪಂದಿಸದಿದ್ದರೆ 'ಗೋ-ಅರೌಂಡ್' (ಇಳಿಯುವುದು ಬಿಟ್ಟು ಮೇಲೇರಿ) ಎಂದು ಸ್ಪಷ್ಟವಾಗಿ ಹೇಳುತ್ತೇನೆ. ಆಗಲೂ ಬದಲಾಗದಿದ್ದರೆ ಕಂಟ್ರೋಲ್ ತೆಗೆದುಕೊಳ್ಳುತ್ತೇನೆ. ನೆಲದ ಹತ್ತಿರ ಇದೆಲ್ಲ ಕೆಲವೇ ಸೆಕೆಂಡುಗಳಲ್ಲಿ ಆಗಬೇಕು ಎಂಬುದನ್ನೂ ಸೇರಿಸಿ.

ಚೆಕ್‌ರೈಡ್‌ನಲ್ಲಿ (ಹಾರಾಟದ ಪರೀಕ್ಷೆಯಲ್ಲಿ) ಫೇಲ್ ಆಗಿದ್ದರೆ ಮುಚ್ಚಿಡಬೇಡಿ. ಇದನ್ನು ಒತ್ತಿ ಹೇಳಬೇಕು. ಫೆಬ್ರವರಿ 2009ರಲ್ಲಿ ಅಮೆರಿಕದ ಬಫಲೋ ಹತ್ತಿರ ಕೋಲ್ಗನ್ ಏರ್ ಎಂಬ ಪ್ರಾದೇಶಿಕ ಸಂಸ್ಥೆಯ ವಿಮಾನ ಬಿದ್ದು 50 ಜನ ಸತ್ತರು. ಸ್ಟಾಲ್ (ರೆಕ್ಕೆ ಎತ್ತುವ ಶಕ್ತಿ ಕಳೆದುಕೊಳ್ಳುವುದು) ಎಚ್ಚರಿಕೆ ಬಂದಾಗ ಮೂಗು ತಗ್ಗಿಸುವ ಬದಲು ಕ್ಯಾಪ್ಟನ್ ಕಂಟ್ರೋಲ್ ಹಿಂದಕ್ಕೆ ಎಳೆದಿದ್ದರು. ಕೆಲಸಕ್ಕೆ ಸೇರುವಾಗ ತಮ್ಮ ಹಳೆಯ ಫೇಲ್‌ಗಳನ್ನೆಲ್ಲ ಅವರು ಹೇಳಿರಲಿಲ್ಲ ಎಂಬುದು ತನಿಖೆಯಲ್ಲಿ ಹೊರಬಂತು. ಒಂದು ಫೇಲ್‌ನಿಂದಲೇ ಕೆಲಸ ತಪ್ಪಬೇಕೆಂದಿಲ್ಲ. ಮುಚ್ಚಿಟ್ಟದ್ದು ಸಿಕ್ಕಿಬಿದ್ದರೆ ಮಾತ್ರ ನಿಮ್ಮ ಯಾವ ಮಾತಿಗೂ ಬೆಲೆ ಇರುವುದಿಲ್ಲ. ಏನಾಯಿತು, ಯಾಕಾಯಿತು, ಮತ್ತೆ ಹೇಗೆ ಅಭ್ಯಾಸ ಮಾಡಿದೆ ಎಂದು ಚಿಕ್ಕದಾಗಿ ಹೇಳಿ. ಪರೀಕ್ಷಕರನ್ನು, ಗಾಳಿಯನ್ನು ದೂರಬೇಡಿ.

ಲಾಗ್‌ಬುಕ್‌ನ ಮೊತ್ತವೂ ಅರ್ಜಿಯಲ್ಲಿ ಬರೆದ ಗಂಟೆಗಳೂ ತಾಳೆಯಾಗಬೇಕು. ಹಿಂದಿನ ರಾತ್ರಿಯಲ್ಲ, ವಾರ ಮೊದಲೇ ಕೂಡಿ ನೋಡಿ. ಬಟ್ಟೆ ಸರಳವಾಗಿ, ನೀಟಾಗಿ ಇದ್ದರೆ ಆಯಿತು.

ಸಿಮ್ಯುಲೇಟರ್ ಪರೀಕ್ಷೆ ಇದ್ದರೆ, ನಿಮಗೆ ಗೊತ್ತಿಲ್ಲದ ವಿಮಾನವೇ ಸಿಗಬಹುದು. ಸೂಜಿ ಅಲ್ಲಾಡದಂತೆ ಹಾರಿಸುತ್ತೀರಿ ಎಂದು ಅಲ್ಲಿ ಯಾರೂ ನಿರೀಕ್ಷಿಸುವುದಿಲ್ಲ. ಎತ್ತರ ತಪ್ಪಿದರೆ 'ನೂರು ಅಡಿ ಮೇಲಿದ್ದೇನೆ, ಸರಿಪಡಿಸುತ್ತಿದ್ದೇನೆ' ಎಂದು ಬಾಯಿಬಿಟ್ಟು ಹೇಳಿ. ಚೆಕ್‌ಲಿಸ್ಟ್ ಕೇಳಿ, ಪಕ್ಕದವರಿಗೆ ಕೆಲಸ ಹಂಚಿ. ಎರಡನೇ ಸಲಕ್ಕೆ ಮೊದಲಿಗಿಂತ ಚೆನ್ನಾಗಿ ಹಾರಿಸಿದರೆ ಅದನ್ನು ಅವರು ಖಂಡಿತ ಗಮನಿಸುತ್ತಾರೆ. ಮುಂದೆ ತಿಂಗಳುಗಟ್ಟಲೆ ನಿಮಗೆ ಕಲಿಸಬೇಕಾದವರು ಅವರೇ ತಾನೇ.