ಹುಟ್ಟೂರು ಕುಶಾಲನಗರವೆಂದು ಬರೆಸಬೇಡಿ

ಟಿಬೆಟಿನಿಂದ ಬಂದ ಹೆಣ್ಣುಮಕ್ಕಳನ್ನು ಕುಶಾಲನಗರದ ನನ್ನ ವಕೀಲಿ ಕಚೇರಿಗೆ ಕರೆತರುವ ತೋಟದ ಮಾಲೀಕರು, ಅಂಗಡಿಯವರು ಬಹುಪಾಲು ಒಳ್ಳೆಯ ಮನಸ್ಸಿನವರೇ. ಆದರೂ ಅವರ ಬೇಡಿಕೆ ಕೇಳಿದಾಗಲೆಲ್ಲ ನನಗೆ ತಾಳ್ಮೆ ತಪ್ಪುತ್ತದೆ: "ಇವಳು ಇಲ್ಲೇ ಹುಟ್ಟಿದ್ದು ಅಂತ ಒಂದು ಅಫಿಡವಿಟ್ ಮಾಡಿಕೊಡಿ ಸಾರ್, ಜನನ ಪತ್ರ ಮಾಡಿಸಿಬಿಡೋಣ. ಪಾಪ, ಹುಡುಗಿ ಒಂದು ದಡ ಸೇರಲಿ."

ಸುಳ್ಳು ಪ್ರಮಾಣ ಅಪರಾಧವೆಂಬುದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದಿರುವುದು, ಈ ಸುಳ್ಳಿನಿಂದ ಅವಳಿಗೆ ಚಿಕ್ಕಾಸಿನ ಉಪಯೋಗವೂ ಇಲ್ಲವೆಂಬುದು. 1955ರ ಪೌರತ್ವ ಕಾಯ್ದೆಯ ಪ್ರಕಾರ ಇಲ್ಲಿ ಹುಟ್ಟಿದ ಮಾತ್ರಕ್ಕೆ ಪೌರತ್ವ ದೊರೆಯುವುದು 1950ರ ಜನವರಿ 26ರಿಂದ 1987ರ ಜೂನ್ 30ರವರೆಗೆ ಹುಟ್ಟಿದವರಿಗೆ. ಆಮೇಲೆ ಹುಟ್ಟಿದವರಿಗೆ ತಂದೆತಾಯಿಯರಲ್ಲಿ ಒಬ್ಬರಾದರೂ ಭಾರತೀಯರಾಗಿರಬೇಕು. 2004ರ ಡಿಸೆಂಬರ್ 3ರಿಂದೀಚೆಗೆ ನಿಯಮ ಇನ್ನೂ ಬಿಗಿ. ಟಿಬೆಟಿನ ದಂಪತಿಯ ಇಪ್ಪತ್ತರ ಹರೆಯದ ಮಗಳು ಕುಶಾಲನಗರದ ಆಸ್ಪತ್ರೆಯಲ್ಲೇ ಹುಟ್ಟಿದ್ದರೂ ಅಷ್ಟರಿಂದ ಭಾರತೀಯಳಾಗುತ್ತಿರಲಿಲ್ಲ. ಆಧಾರ್ ಇದೆಯಲ್ಲ ಎನ್ನುವವರಿದ್ದಾರೆ. ಅದು ಪೌರತ್ವಕ್ಕೆ ಪುರಾವೆಯಲ್ಲವೆಂದು 2016ರ ಆಧಾರ್ ಕಾಯ್ದೆಯೇ ಹೇಳುತ್ತದೆ.

ಭಾರತವು 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲವಾದ್ದರಿಂದ, ಅವಳ ವಾಸಕ್ಕೆ ನೆಲೆ ಕೊಡುವುದು ಸರ್ಕಾರದ ನೋಂದಣಿ ಪ್ರಮಾಣಪತ್ರ, ಅಂದರೆ ಎಲ್ಲರ ಬಾಯಲ್ಲಿರುವ ಆರ್‌ಸಿ. ಕಠ್ಮಂಡುವಿನ ಭಾರತೀಯ ರಾಯಭಾರ ಕಚೇರಿ ಕೊಟ್ಟ ವಿಶೇಷ ಪ್ರವೇಶ ಪತ್ರದ ಮೇಲೆ ಆರ್‌ಸಿ ಸಿಗುತ್ತದೆ, ಮುಂದೆ ವಿದೇಶಕ್ಕೆ ಹೋಗಲು ಬೇಕಾದ ಗುರುತಿನ ಪ್ರಮಾಣಪತ್ರ ಆರ್‌ಸಿಯ ಮೇಲೆ ಸಿಗುತ್ತದೆ. ಇವುಗಳಲ್ಲಿ ಟಿಬೆಟ್ ಎಂದಿದ್ದು ಜನನ ಪತ್ರದಲ್ಲಿ ಮಾತ್ರ ಕುಶಾಲನಗರ ಎಂದಾದರೆ, ನಿಜವಾದ ಕಾಗದಗಳನ್ನೂ ಅಧಿಕಾರಿ ಅನುಮಾನದಿಂದಲೇ ನೋಡುತ್ತಾರೆ.

ಕಳೆದ ಮಳೆಗಾಲದಲ್ಲಿ ಬಂದ ಒಬ್ಬಳು (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ), 2008ರ ಟಿಬೆಟಿನ ಗಲಭೆಯ ನಂತರ ಗಡಿಯ ಕಾವಲು ಬಿಗಿಯಾಗಿ ದಾಟಿ ಬರುವವರೇ ವಿರಳವಾಗಿದ್ದ ವರ್ಷಗಳಲ್ಲಿ ಚಿಕ್ಕಪ್ಪನೊಡನೆ ನೇಪಾಳ ತಲುಪಿದವಳು. ಮಾಲೀಕರು ಜನನ ಪತ್ರದ ಮಾತಾಡುತ್ತಲೇ ಇದ್ದರು. ಅವಳು ಪ್ಲಾಸ್ಟಿಕ್ ಕವರಿನಿಂದ ಮಡಿಕೆಯಲ್ಲಿ ಹರಿದಿದ್ದ ಪ್ರವೇಶ ಪತ್ರದ ನಕಲು ತೆಗೆದು ಮೇಜಿನ ಮೇಲಿಟ್ಟಳು. ಚಳಿಗೆ ಕೆನ್ನೆ ಬಿರಿದ ಮಗುವಿನ ಫೋಟೊ, ಕೆಳಗೆ ಬಂದ ಉದ್ದೇಶ ಶಿಕ್ಷಣ. "ಇದು ಸಾಕಾಗಲ್ವಾ ಅಂಕಲ್?" ಎಂದಳು, ಅಂಗಡಿಯಲ್ಲಿ ಗಿರಾಕಿಗಳಿಂದ ಕಲಿತ ಕನ್ನಡದಲ್ಲಿ. ಆ ಕೋಣೆಯಲ್ಲಿ ಕಾನೂನು ಸರಿಯಾಗಿ ತಿಳಿದಿದ್ದವಳು ಅವಳೇ, ನನ್ನ ಕಕ್ಷಿದಾರರಲ್ಲ.

ಪ್ರತಿಯೊಬ್ಬರ ದಾಖಲೆ ನೋಡದೆ ಖಚಿತವಾಗಿ ಏನನ್ನೂ ಹೇಳಲಾಗದು. ಆದರೆ ಆರ್‌ಸಿಯಲ್ಲಿ ಟಿಬೆಟನ್ನರ ವಸತಿಯಾದ ಬೈಲಕುಪ್ಪೆಯ ವಿಳಾಸವಿದ್ದರೆ ನವೀಕರಣಕ್ಕೆಂದು ಮಡಿಕೇರಿಯ ಬಸ್ ಹತ್ತಬೇಡಿ: ಕಾವೇರಿ ಸೇತುವೆ ದಾಟಿದರೆ ಪಿರಿಯಾಪಟ್ಟಣ ತಾಲ್ಲೂಕು, ಮೈಸೂರು ಜಿಲ್ಲೆ, ಆರ್‌ಸಿ ನೋಡಿಕೊಳ್ಳುವ ಪೊಲೀಸ್ ವರಿಷ್ಠಾಧಿಕಾರಿಯೂ ಬೇರೆ. ಅವಧಿ ಮುಗಿಯುವ ಮೊದಲೇ ಹೋಗಿ.